ಹಿಂದ ಉಳದೀವಿ ಅಂತಾರ, ಉಳಿಸಿದವ್ರು ಯಾರು?

ಅಕ್ಕಾರ, ವೈನಿಯವ್ರ, ಚಿಗವ್ವಾರ, ಮಗ್ಗಲ ಮನಿ ಗೆಳತ್ಯಾರ, ಈ ಸಲ ಗುರೆಳ್ಳ ಚಟ್ನಿ ಬಗ್ಗೆನೂ ಇಲ್ಲ, ಕೌದಿ ಹೊಲಿಯೂದರ ಬಗ್ಗೆನೂ ಇಲ್ಲ. ಈ ಸಲ ಸ್ವಲ್ಪ ಜಗಳ ಐತಿ. ರೊಟ್ಟಿ ಬಡದು, ಕೈ ತೊಳಕೊಂಡು, ಕುಂತು ಓದ್ರಿ.

ನಮ್ಮ ಕಡೆ ಯಾವ ಮದಿವಿಗೆ ಹೋದ್ರೂ ಊಟದ ಪಂಕ್ತಿಯೊಳಗ ಒಬ್ರು ಇದ್ದ ಇರ್ತಾರ. ಬೆಂಗಳೂರಾಗ ಮನಿ ಕಟ್ಟಿಸಿರ್ತಾರ. ಹೋಳಿಗಿ ಮುರಕೋತ, “ಈ ಕಡೆ ಮಂದಿ ಮೈ ಬಗ್ಗಸಂಗಿಲ್ರಿ, ಅದಕ್ಕ ಹಿಂದ ಉಳದಾರ” ಅಂತಾರ. ನಮ್ಮವ್ರೂ “ಹೌದ್ರಿ, ನಮ್ಮ ಮಂದಿನ ಹಂಗ” ಅಂತ ತಲಿ ಅಲ್ಲಾಡಸ್ತಾರ. ಬಡಸಾಕ ನಿಂತ ನಾವು ಸುಮ್ಮನ ತುಪ್ಪ ಹಾಕಿ ಮುಂದ ಹೋಗ್ತೀವಿ.

ಮೈ ಬಗ್ಗಸಂಗಿಲ್ಲ ಅಂದ್ರ ಯಾರು? ನಸುಕಿನ್ಯಾಗ ಎದ್ದು, ಕಸಾ ಹೊಡದು, ನೀರು ತಂದು, ಇಪ್ಪತ್ತು ರೊಟ್ಟಿ ಬಡದು, ಬುತ್ತಿ ಕಟ್ಟಿ, ಹತ್ತಿ ಹೊಲಕ್ಕ ಹೋಗಿ, ಸಂಜಿಗೆ ಕಟಗಿ ಹೊರಿ ಹೊತ್ತು ಬಂದು ಮತ್ತ ಒಲಿ ಮುಂದ ಕುಂದ್ರೋ ಹೆಣ್ಮಗಳು ಮೈಗಳ್ಳಿ ಏನು? ಬೆಂಗಳೂರಿನ ಆ ಮನಿಗೆ ಉಸುಕು, ಇಟ್ಟಂಗಿ ಹೊತ್ತವ್ರು ಯಾರು? ಗುಳೆ ಹೋದ ನಮ್ಮವ್ರ. ದುಡಿಮಿ ಕಡಿಮಿ ಆಗಿ ನಾವು ಬಡವ್ರಾಗಿಲ್ಲ. ದುಡದದ್ದಕ್ಕ ಬೆಲಿ ಇಲ್ಲದ್ದಕ್ಕ ಆಗೀವಿ.

ಆ ಬೆಲಿ ಯಾಕಿಲ್ಲ? ನನ್ನ ಮಾತು ಇಷ್ಟ: ಕೆಲಸ, ಸಾಲಿ, ಮನಿ, ಈ ಮೂರೂ ಒಂದ ಹಗ್ಗದ ಮೂರು ಎಳಿ. ಮೂರೂ ಹೊಸದದ್ದು ನಮ್ಮ ಹೆಣ್ಮಕ್ಕಳ ಕೊಳ್ಳಾಗ. ಬರೇ ರಸ್ತಾ ಮಾಡಿ, ಬಿಲ್ಡಿಂಗ್ ಕಟ್ಟಿ ನಾಡು ಉದ್ಧಾರ ಮಾಡ್ತೀವಿ ಅನ್ನೋ ಸರ್ಕಾರದ ಮಾತೂ ಸುಳ್ಳು. “ಸರ್ಕಾರ ಏನರ ಮಾಡ್ಲಿ, ನಮ್ಮ ಮನಿ ಪದ್ಧತಿ ಮುಟ್ಟಬ್ಯಾಡ್ರಿ” ಅನ್ನೋ ನಮ್ಮ ಹಿರ್ಯಾರ ಮಾತೂ ಸುಳ್ಳು.

ಮೊದಲ ಕಾಗದದ ಮಾತು ಮುಗಸಿಬಿಡೂನು. 2000ದಾಗ ಸರ್ಕಾರ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಮಾಡ್ತು. 2002ರಾಗ ವರದಿ ಬಂತು. ಆವಾಗಿನ 175 ತಾಲೂಕಿನ್ಯಾಗ 114 ಹಿಂದುಳದಾವ, ಅದರಾಗ 39 ಅತ್ಯಂತ ಹಿಂದುಳದಾವ ಅಂದ್ರು. ಆ 39ರಾಗ 21 ಒಂದ ಗುಲಬರ್ಗಾ ವಿಭಾಗದವು. ಎಂಟು ವರ್ಷದಾಗ 31,000 ಕೋಟಿ ರೂಪಾಯಿ ಖರ್ಚ ಮಾಡ್ರಿ ಅಂದ್ರು. ಆಮ್ಯಾಲ 2012ರಾಗ ಸಂವಿಧಾನಕ್ಕ 98ನೇ ತಿದ್ದುಪಡಿ ಆಗಿ 371ಜೆ ಬಂತು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಳ್ಳಾರಿ ಒಡದು ಆದ ವಿಜಯನಗರ, ಇಷ್ಟಕ್ಕೂ ನೌಕರಿ ಒಳಗ, ಕಾಲೇಜ ಸೀಟಿನ ಒಳಗ ಮೀಸಲಾತಿ ಸಿಕ್ತು. 2019ರಾಗ ‘ಹೈದರಾಬಾದ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಆತು. ಹೆಸರು ಚೊಲೋ ಐತಿ. ಕಲ್ಯಾಣ ಅಂದ್ರ ನಮ್ಮ ಮಂದಿಗೆ ಮೊದಲ ನೆನಪಾಗೂದು ಲಗ್ನ. ಆ ಮಾತಿಗೂ ಬರ್ತೀನಿ, ತಡೀರಿ.

ಇಷ್ಟೆಲ್ಲಾ ಕಾಗದದ ನಡುವ ಒಂದು ಲೆಕ್ಕ ನೋಡ್ರಿ. 2011ರ ಜನಗಣತಿ ಪ್ರಕಾರ ಯಾದಗಿರಿ ಜಿಲ್ಲಾದಾಗ ಓದಾಕ ಬರಿಯಾಕ ಬರೋ ಹೆಣ್ಮಕ್ಕಳು 100ಕ್ಕ 41. ರಾಯಚೂರಾಗ 49ರ ಹತ್ರ. ದಕ್ಷಿಣ ಕನ್ನಡದಾಗ 84. ಒಂದ ರಾಜ್ಯ, ಒಂದ ವಿಧಾನಸೌಧ. ಅಲ್ಲಿ ಹುಟ್ಟಿದ ಹುಡುಗಿ ಸಾಲಿಗೆ ಹೋದ್ಲು, ಇಲ್ಲಿ ಹುಟ್ಟಿದಾಕಿ ತಮ್ಮನ್ನ ಕಂಕಳಾಗ ಎತಗೊಂಡು ಬಾಗಲಾಗ ನಿಂತ್ಲು. ಬುದ್ಧಿ ಕಡಿಮಿ ಇತ್ತು ಅಂತೇನು?

ಈಗ ಕೆಲಸದ ಎಳಿ ಹಿಡಿಯೂನು.

ನಮ್ಮ ನೆಲದಾಗ ಸಂಪತ್ತು ಇಲ್ಲ ಅಂತ ಯಾರೂ ಹೇಳಬ್ಯಾಡ್ರಿ. ದೇಶದಾಗ ಬಂಗಾರ ತೆಗಿಯೋ ಹಟ್ಟಿ ಗಣಿ ಲಿಂಗಸುಗೂರು ತಾಲೂಕಿನ್ಯಾಗ ಐತಿ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ರಾಜ್ಯಕ್ಕೆಲ್ಲಾ ಕರೆಂಟ್ ಕೊಡಾಕ ಹತ್ತೇತಿ. ತುಂಗಭದ್ರಾ ಕಾಲವಿ ನೀರಿನ್ಯಾಗ ಸಿಂಧನೂರು, ಗಂಗಾವತಿ ಭತ್ತ ಬೆಳೀತಾವ. ಕಲಬುರಗಿ ತೊಗರಿ ಎಲ್ಲಿಗೆ ಹೋಗಂಗಿಲ್ಲ ಹೇಳ್ರಿ? ಬಂಗಾರ ಹೋಗ್ತೈತಿ, ಕರೆಂಟ್ ಹೋಗ್ತೈತಿ, ತೊಗರಿ ಹೋಗ್ತೈತಿ. ಇಲ್ಲಿ ಉಳಿಯೂದು ಬೂದಿ, ಹೊಟ್ಟು ಮತ್ತ ಕೂಲಿ.

ಆ ಕೂಲಿಯೊಳಗ ಹೆಣ್ಮಕ್ಕಳ ಕೂಲಿ ಇನ್ನೂ ಕೆಳಗ. ಹತ್ತಿ ಬಿಡಿಸೂದು, ಕಳೆ ತೆಗಿಯೂದು, ನಾಟಿ ಹಚ್ಚೂದು ಎಲ್ಲಾ “ಹೆಂಗಸರ ಕೆಲಸ”. ಹೆಂಗಸರ ಕೆಲಸ ಅಂದಕೂಡ್ಲೆ ರೇಟು ಇಳೀತೈತಿ. ಬೀಜೋತ್ಪಾದನಿ ಹೊಲದಾಗ ಹೂವಿನ ಪರಾಗ ಇನ್ನೊಂದು ಹೂವಿಗೆ ಮುಟ್ಟಸೋ ಕ್ರಾಸಿಂಗ್ ಕೆಲಸ ಐತೆಲ್ಲ, ಅದಕ್ಕ ಸಣ್ಣ ಹುಡುಗ್ಯಾರನ್ನ ಹುಡುಕಿ ಕರೀತಿದ್ರು. “ಅವರ ಬೆರಳು ಸಣ್ಣು, ಹೂವ ಮುರಿಯಂಗಿಲ್ಲ” ಅಂತಿದ್ರು. ಕಡಿಮಿ ಕೂಲಿ, ತಿರುಗಿ ಮಾತಾಡಂಗಿಲ್ಲ ಅನ್ನೂದು ಖರೇ ಕಾರಣ. ಹತ್ತಿ ಸುಗ್ಗಿ ಬಂದಾಗ ಯಾವುದರ ಹಳ್ಳಿ ಸಾಲಿ ಹಾಜರಿ ಪುಸ್ತಕ ತಗದು ನೋಡ್ರಿ. ಮಳಿ-ಬೆಳಿ ಲೆಕ್ಕಾನೂ ಅದರಾಗ ಸಿಗ್ತೈತಿ.

ಬೆಳಿ ಮುಗೀತು, ಗುಳೆ ಶುರು. ಬೆಂಗಳೂರು, ಮಂಗಳೂರು, ಗೋವಾ, ಪುಣೆ, ಮುಂಬಯಿ. ಕೆಲವ್ರು ಮಹಾರಾಷ್ಟ್ರಕ್ಕ ಕಬ್ಬು ಕಡಿಯಾಕ. ಅಲ್ಲಿ ಲೆಕ್ಕ ಹೆಂಗ ಗೊತ್ತೇನು? ಗಂಡ-ಹೆಂಡ್ತಿ ಕೂಡಿ ಒಂದು ‘ಕೊಯ್ತಾ’. ಇಬ್ಬರ ದುಡಿಮಿಗೆ ಮುಂಗಡ ಒಂದ, ಅದು ಗಂಡಸಿನ ಕೈಯಾಗ. ಆಕಿ ದಿನಾ ಎಷ್ಟು ಕಡದ್ಲು, ಆಕಿ ಪಾಲಿಗೆ ಎಷ್ಟು ಬಂತು ಅನ್ನೂದು ಯಾವ ಪುಸ್ತಕದಾಗೂ ಇಲ್ಲ. ಇಲ್ಲೇ ನೋಡ್ರಿ ಕೆಲಸ ಅನ್ನೂದು ಮನಿಯೊಳಗ ಕಾಲಿಡೂದು. ಪಗಾರ ಮನಿ ಯಜಮಾನಗ ಬಂದ್ರ ಹೆಂಗಸಿನ ದುಡಿಮಿ “ಸಹಾಯ” ಆಗ್ತೈತಿ.

ಗುಳೆ ಹೋಗೋ ತಾಯಿ ಸಣ್ಣ ಕೂಸಿನ್ನ ಎಲ್ಲಿ ಬಿಡಬೇಕು? ಮುದುಕಿ ಹತ್ರ ಬಿಡ್ತಾಳ. ಮುದುಕಿಗೆ ಕಣ್ಣು ಕಾಣಂಗಿಲ್ಲ. ಅದಕ್ಕ ಹತ್ತು ವರ್ಷದ ದೊಡ್ಡ ಮಗಳು ಸಾಲಿ ಬಿಟ್ಟು ಮನ್ಯಾಗ ಉಳೀತಾಳ. ಹತ್ತು ವರ್ಷದ ಮಗ ಸಾಲಿಗೆ ಹೋಗ್ತಾನ. ಇದರಾಗ ತಾಯಿ ತಪ್ಪು ಹುಡುಕೋ ಮಂದಿ ಮ್ಯಾಲ ನನಗ ಸಿಟ್ಟು ಐತಿ. ಆಕಿ ಮುಂದ ಇರೋ ಲೆಕ್ಕಾನ ಅಂಥಾದ್ದು. ಹಳ್ಳ್ಯಾಗ ಕೂಸು ನೋಡಕೊಳ್ಳೋ ಜಾಗ ಇದ್ದಿದ್ರ, ಊರಾಗ ವರ್ಷಪೂರ್ತಿ ಕೆಲಸ ಇದ್ದಿದ್ರ, ಆಕಿ ಮಗಳ ಪುಸ್ತಕ ಯಾಕ ಕಸಗೋತಿದ್ಲು?

ಈಗ ಸಾಲಿ ಎಳಿ.

ನಮ್ಮ ಸಾಲಿ ಕಥಿ ಹಳೇದು. ಈ ಜಿಲ್ಲಾ ಬಹಳಷ್ಟು 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ರಾಜ್ಯದಾಗ ಇದ್ದವು. ಕಚೇರಿ ಭಾಷಾ ಉರ್ದು, 1918ರಾಗ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಾಗ ಪಾಠನೂ ಉರ್ದು. ಉರ್ದು ಚೆಂದದ ಭಾಷಾ, ಅದರ ಮ್ಯಾಲ ನನ್ನ ಜಗಳ ಇಲ್ಲ. ಆದ್ರ ಮನ್ಯಾಗ ಕನ್ನಡ ಮಾತಾಡೋ ಹುಡುಗಗ ಅಕ್ಷರ ಅನ್ನೂದು ಪರದೇಶಿ ಆತು. ಹುಡುಗನ ಗತಿ ಅದಾದ್ರ ಹುಡುಗಿ ಮಾತು ಯಾರು ಕೇಳ್ತಾರ? ಗುಲಬರ್ಗಾಕ್ಕ ತನ್ನದೊಂದು ವಿಶ್ವವಿದ್ಯಾಲಯ ಸಿಕ್ಕಿದ್ದು 1980ರಾಗ. ಅಷ್ಟೊತ್ತಿಗೆ ಎಷ್ಟು ತಲಿಮಾರು ಹೋಗಿದ್ವು ಎಣಿಸ್ರಿ. ಓದಲಾರದ ಅಜ್ಜಿ, ಓದಲಾರದ ತಾಯಿ. ಮಗಳ ಪುಸ್ತಕ ಹಿಡದು “ಇದೇನು ಬರದಿ?” ಅಂತ ಕೇಳೋರ ಮನ್ಯಾಗ ಇಲ್ಲ.

ಚೊಲೋ ಕೆಲಸ ಆಗೇ ಇಲ್ಲ ಅನ್ನಂಗಿಲ್ಲ ನಾನು. ಮಧ್ಯಾಹ್ನದ ಬಿಸಿಯೂಟ ರಾಜ್ಯದಾಗ ಮೊದಲ ಶುರುವಾಗಿದ್ದು 2002ರಾಗ ನಮ್ಮ ಈ ಕಡೆ ಏಳು ಜಿಲ್ಲಾದಾಗ. ಆ ಒಂದು ತಟ್ಟಿ ಅನ್ನ ಎಷ್ಟು ಹುಡುಗ್ಯಾರನ್ನ ಸಾಲ್ಯಾಗ ಹಿಡದು ಕುಂದ್ರಿಸೇತಿ ಅನ್ನೂದು ನಮಗ ಗೊತ್ತೈತಿ. ಕಸ್ತೂರಬಾ ವಸತಿ ಸಾಲಿ ಬಂದ್ವು. 2023ರಿಂದ ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಟಿಕೀಟಿಲ್ಲ. ಆದ್ರ ಬಸ್ಸ ಬರದ ಊರಿಗೆ ಟಿಕೀಟಿಲ್ಲದ ಬಸ್ಸಿನಿಂದ ಏನು ಬಂತು? ಊರ ಸಾಲಿ ಏಳನೇತ್ತಕ್ಕ ಮುಗೀತೈತಿ. ಹೈಸ್ಕೂಲು ಆರು ಕಿಲೋಮೀಟರ್ ದೂರ. ಸಾಲಿ ಬಿಡೂದು ನಾಕೂವರಿಗೆ, ಬಸ್ಸು ಬರೂದು ಆರಕ್ಕ. ಆ ಒಂದೂವರಿ ತಾಸು ಹುಡುಗಿ ಬಸ್‌ಸ್ಟ್ಯಾಂಡಿನ್ಯಾಗ ನಿಲ್ಲಬೇಕಲ್ಲ ಅನ್ನೋ ಅಂಜಿಕಿಗೆ ಎಷ್ಟು ಹುಡುಗ್ಯಾರ ಸಾಲಿ ನಿಂತೇತಿ! ಕಾಯ್ದೆ ಪ್ರಕಾರ ಪುಕ್ಕಟೆ ಕಡ್ಡಾಯ ಶಿಕ್ಷಣ 6ರಿಂದ 14 ವರ್ಷದ ತನಕ. ನಮ್ಮ ಹುಡುಗ್ಯಾರಿಗೆ ಅಪಾಯ ಶುರುವಾಗೂದ 14ಕ್ಕ. ಕಾಯ್ದೆ ಎಲ್ಲಿ ಕೈ ಬಿಡ್ತೈತೋ ಅಲ್ಲಿ ಸಂಬಂಧಿಕರು ಕೈ ಹಿಡೀತಾರ.

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಾಗ ದಕ್ಷಿಣ ಕನ್ನಡ 91 ಪರ್ಸೆಂಟ್ ದಾಟಿ ಮೊದಲ ಬಂತು, ಕಲಬುರಗಿ 42ರ ಹತ್ರ ನಿಂತು ಕಡೀಕ ಬಂತು. ಟೀವಿಯವ್ರು ನಕ್ಕರು. ಆದ್ರ ರಾಜ್ಯದಾಗ ಹುಡುಗ್ಯಾರ ಹುಡುಗರಿಗಿಂತ ಹೆಚ್ಚು ಪಾಸಾಗ್ಯಾರ, ವರ್ಷಾ ವರ್ಷಾ ಪಾಸಾಗ್ತಾರ. ಗೆದ್ದ ಎತ್ತಿನ್ನ ಕೊಟಗ್ಯಾಗ ಕಟ್ಟಿ, ಸೋತ ಎತ್ತಿನ್ನ ಶರ್ಯತ್ತಿಗೆ ಬಿಡೋ ರೈತ ಯಾರರ ಅದಾನೇನು? ನಾವು ಅದನ್ನ ಮಾಡಾಕ ಹತ್ತೀವಿ.

ಈಗ ಮೂರನೇ ಎಳಿ, ಮನಿ. ಇಲ್ಲೇ ನನ್ನ ಜಗಳ ನಿಮ್ಮ ಜೋಡಿ.

ಹುಡುಗಿ ಹತ್ತನೇತ್ತ ಪಾಸಾದ್ಲು ಅಂದ್ರ ಮೊದಲ ಕೇಳೂದೇನು? “ಮುಂದ ಏನು ಓದ್ತಿ?” ಅಂತಲ್ಲ. “ಎಲ್ಲೆರ ನೋಡೀರೇನು?” ಅಂತ. ಸೋದರಮಾವ ಇದ್ದ ಅಂದ್ರ ನೋಡೂದೂ ಬ್ಯಾಡ. “ಮನಿ ಹುಡುಗಿ ಮನ್ಯಾಗ ಉಳೀತಾಳ, ಹೊಲಾ ಹೊರಗ ಹೋಗಂಗಿಲ್ಲ” ಅಂತೀರಿ. ಹೊಲಾ ಉಳಸಾಕ ಹುಡುಗಿ ಕೊಡ್ತೀರಿ. ಹದಿನೆಂಟು ತುಂಬೂ ಮೊದಲ ಲಗ್ನ ಆದವ್ರು ಕರ್ನಾಟಕದಾಗ ಇನ್ನೂ 100ಕ್ಕ 21 ಮಂದಿ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳ್ತೈತಿ. 20ರಿಂದ 24 ವರ್ಷದ ಹೆಣ್ಮಕ್ಕಳನ್ನ ಕೇಳಿ ಬರದ ಲೆಕ್ಕ ಅದು, ಅಜ್ಜಿ ಕಾಲದ್ದಲ್ಲ. ಕಲ್ಯಾಣ ಅಂದ್ರ ಇದ ಏನು?

ಲಗ್ನ ಆಗಿ ಹೋದ ಮನ್ಯಾಗ ಆಕಿ ಏನು? ಪಗಾರ ಇಲ್ಲದ ಆಳು. ಕೂಡು ಕುಟುಂಬ ಅಂದ್ರ ನೆರಳು ಅಂತ ಹಾಡಿ ಹೊಗಳ್ತೀವಿ. ನೆರಳು ಖರೇನ. ಜಡ್ಡು ಬಂದಾಗ, ಬರಗಾಲ ಬಿದ್ದಾಗ ಕೂಡಿ ಉಂಡೀವಿ. ಆದ್ರ ಆ ನೆರಳಿನ ಗಿಡಕ್ಕ ನೀರು ಹೊತ್ತವ್ರು ಸೊಸಿಯಂದ್ರು. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನೋಡ್ರಿ: ಮನಿಗೆಲಸ ಮಾಡೋ ಹೆಂಗಸು ದಿನಕ್ಕ 299 ನಿಮಿಷ ಮಾಡ್ತಾಳ, ಮಾಡೋ ಗಂಡಸು 97 ನಿಮಿಷ. ಅದೂ ಮಾಡೋ ಗಂಡಸರು ನೂರಕ್ಕ 26 ಮಂದಿ ಅಷ್ಟ. ಉಳಿದ 74 ಮಂದಿ ಕಟ್ಟಿ ಮ್ಯಾಲ ಕುಂತು “ನಮ್ಮ ಕಡೆ ಮಂದಿ ಮೈ ಬಗ್ಗಸಂಗಿಲ್ಲ” ಅಂತಿರಬೇಕು. ಆ ಮಾತು ಅವರ ಮಟ್ಟಿಗೆ ಖರೇ.

ಆಸ್ತಿ ಮಾತು ತಗದ್ರ ಎಲ್ಲಾರೂ ಸೀರಿ ಸೆರಗು ಸರಿ ಮಾಡಕೋತೀರಿ. ಕರ್ನಾಟಕ 1994ರಾಗನ ತಿದ್ದುಪಡಿ ಮಾಡಿ ಹೆಣ್ಮಕ್ಕಳಿಗೆ ಪಿತ್ರಾರ್ಜಿತ ಆಸ್ತ್ಯಾಗ ಗಂಡುಮಕ್ಕಳಷ್ಟ ಪಾಲು ಕೊಟ್ಟೇತಿ. ದೇಶಕ್ಕೆಲ್ಲಾ ಅದು ಬಂದದ್ದು 2005ರಾಗ. ನಾವು ಹನ್ನೊಂದು ವರ್ಷ ಮುಂದ ಇದ್ವಿ! ಆದ್ರ ಪಂಚಮಿಗೆ ತವರಿಗೆ ಹೋದಾಗ ಅಣ್ಣ ಒಂದು ಕಾಗದ ತಂದು ಇಡ್ತಾನ. “ಸುಮ್ಮನ ಒಂದು ಸಹಿ, ನಿನಗೇನು ಕಡಿಮಿ ಆಗೇತಿ” ಅಂತಾನ. ಒಂದು ಇಳಕಲ್ ಸೀರಿ, ಒಂದು ಡಬ್ಬಿ ಉಂಡಿ, ಎರಡು ಎಕರೆ ಹೊಲಾ ಹೋತು. ತನ್ನ ಹೆಸರಿಗೆ ಹೊಲಾ ಇಲ್ಲದಾಕಿಗೆ ಬ್ಯಾಂಕಿನ್ಯಾಗ ಸಾಲ ಇಲ್ಲ, ಪಹಣಿ ಇಲ್ಲದ್ದಕ್ಕ ರೈತಳೂ ಅಲ್ಲ. ಹೊಲದಾಗ ಅರ್ಧಕ್ಕಿಂತ ಹೆಚ್ಚು ಕೆಲಸ ಆಕೀದ.

ಈಗ ಯಾಕ ದಕ್ಷಿಣ ಕನ್ನಡ ತಂದೆ ಅಂತ ಕೇಳ್ತೀರಿ. ಅಲ್ಲಿ ಮಂದಿ ದೇವರಲ್ಲ, ನಾವು ದೆವ್ವ ಅಲ್ಲ. ಆದ್ರ ಅಲ್ಲಿ ಮೂರು ಎಳಿ ಬ್ಯಾರೆ ರೀತಿ ಹೊಸದ್ವು. ಬಾಸೆಲ್ ಮಿಶನ್ನಿನವ್ರು 1834ರಾಗ ಮಂಗಳೂರಿಗೆ ಬಂದು ಸಾಲಿ ತಗದ್ರು. 1865ರಾಗ ಹೆಂಚಿನ ಕಾರ್ಖಾನಿ ಹಾಕಿದ್ರು, ನೇಯ್ಗಿ ಶುರು ಮಾಡಿದ್ರು. ಹೆಂಗಸರು ಕಾರ್ಖಾನಿಗೆ ಹೋಗಿ ಕೂಲಿ ತಮ್ಮ ಕೈಯಾಗ ತಗೊಂಡ್ರು. ಆಮ್ಯಾಲ ಬೀಡಿ ಬಂತು. ಬೀಡಿ ಸುತ್ತೂದು ಸುಖದ ಕೆಲಸ ಅಲ್ಲ, ಆದ್ರ ಬೀಡಿ ರೊಕ್ಕದಾಗ ಮಕ್ಕಳ ಫೀ ತುಂಬಿದ ತಾಯಂದ್ರು ಅಲ್ಲಿ ಮನಿ ಮನ್ಯಾಗ ಸಿಗ್ತಾರ. ಬಂಟರು, ಬಿಲ್ಲವರಂಥ ಸಮಾಜದಾಗ ಅಳಿಯಸಂತಾನ ಕಟ್ಟು ಇತ್ತು. ಮನಿತನ ತಾಯಿ ಕಡಿಂದ ನಡೀತಿತ್ತು, ಹುಡುಗಿಗೆ ಹುಟ್ಟಿದ ಮನ್ಯಾಗ ಹಕ್ಕಿತ್ತು. ಅಲ್ಲೂ ಯಜಮಾನಿಕಿ ಬಹಳ ಸಲ ಮಾವನ ಕೈಯಾಗ ಇತ್ತು, ಅದೇನು ಸ್ವರ್ಗ ಅಲ್ಲ. ಆದ್ರೂ “ಪರರ ಮನಿ ಸೊತ್ತು” ಅಂತ ಹುಡುಗಿನ್ನ ಯಾರೂ ತಳ್ಳಲಿಲ್ಲ. ಕೈಯಾಗ ಕೂಲಿ, ಹತ್ರ ಸಾಲಿ, ಮನ್ಯಾಗ ಹಕ್ಕು. ಮೂರೂ ಕೂಡಿ ಬಂದ್ವು. 84 ಮತ್ತು 41ರ ನಡುವಿನ ಅಂತರದಾಗ ಈ ಮೂರರದ್ದೂ ಪಾಲೈತಿ. ಮಳಿ ಒಂದ ಕಾರಣ ಅಲ್ಲ.

ನೀವು ತಿರುಗಿ ಏನಂತೀರಿ ನನಗ ಗೊತ್ತೈತಿ. “ಓದಿಸಿ ಏನು ಮಾಡೂದವಾ, ನೌಕರಿ ಎಲ್ಲಿ ಐತಿ?” ಈ ಮಾತಿನ್ಯಾಗ ಅರ್ಧ ಖರೇ ಐತಿ, ಆ ಅರ್ಧಕ್ಕ ಸರ್ಕಾರ ಉತ್ತರ ಕೊಡಬೇಕು. ಇನ್ನರ್ಧ ನಮ್ಮದು. 371ಜೆ ಒಳಗ ನಮ್ಮ ಭಾಗದ ಸ್ಥಳೀಯ ಹುದ್ದೆ ಸಿ ದರ್ಜೆ 80 ಪರ್ಸೆಂಟ್, ಡಿ ದರ್ಜೆ 85 ಪರ್ಸೆಂಟ್ ನಮಗ ಮೀಸಲು. ಎ, ಬಿ ದರ್ಜೆ 75. ನಮ್ಮ ಭಾಗದ ಕಾಲೇಜಿನ್ಯಾಗ ಸೀಟು 70. ಆದ್ರ ಅರ್ಜಿ ಹಾಕಾಕ ಪಿಯುಸಿ ಬೇಕು, ಡಿಗ್ರಿ ಬೇಕು. ಅಂಗನವಾಡಿ ಕಾರ್ಯಕರ್ತಿ ಆಗಾಕೂ ಈಗ ಪಿಯುಸಿ ಕೇಳ್ತಾರ. ಎಂಟನೇತ್ತಕ್ಕ ಸಾಲಿ ಬಿಡಿಸಿದ ಹುಡುಗಿಗೆ ಸಂವಿಧಾನ ಏನು ಕೊಡ್ತೈತಿ? ಆಕಿ ಪಾಲಿನ ಮೀಸಲಾತಿ ಆಕಿ ಅಣ್ಣನ ಪಾಲಾತು. ಅಣ್ಣ ಪಾಸಾಗಲಿಲ್ಲ ಅಂದ್ರ ಹುದ್ದೆ ಖಾಲಿ. ನರ್ಸಮ್ಮ ಇಲ್ಲದ ದವಾಖಾನಿ, ಟೀಚರ್ ಇಲ್ಲದ ಸಾಲಿ, ಅವು ಖಾಲಿ ಇರೂದು ಯಾಕ ಅಂತ ಕೇಳೋ ಮುಂದ ಇದನ್ನೂ ಕೇಳ್ರಿ. ಟೀಚರ್ ಇಲ್ಲದ ಸಾಲ್ಯಾಗ ಮತ್ತ ಮುಂದಿನ ಹುಡುಗಿ ಫೇಲು. ಹಗ್ಗ ಹೆಂಗ ಸುತ್ತತೈತಿ ನೋಡಿದ್ರೆಲ್ಲ?

ಎರಡನೇ ಮಾತು: “ಕಾಲ ಕೆಟ್ಟೈತಿ, ಹುಡುಗಿ ಏನರ ಮಾಡಕೊಂಡ್ರ?” ಕಾಲ ಕೆಡಿಸಿದವ್ರು ಬಸ್‌ಸ್ಟ್ಯಾಂಡಿನ್ಯಾಗ ನಿಂತು ಸೀಟಿ ಹೊಡಿಯೋ ನಮ್ಮ ನಿಮ್ಮ ಗಂಡುಹುಡುಗ್ರು. ಕಳ್ಳ ಬರ್ತಾನ ಅಂತ ಮನಿಯವರನ್ನ ಹಗೇವಿನ್ಯಾಗ ಇಳಿಸಿ ಬಾಯಿ ಮುಚ್ಚೋ ನ್ಯಾಯ ಯಾವ ಊರಿಂದು? ಹುಡುಗನ ಕಾಲಿಗೆ ಹಾಕಬೇಕಾದ ಹಗ್ಗ ಹುಡುಗಿ ಕಾಲಿಗೆ ಹಾಕಬ್ಯಾಡ್ರಿ.

ಮೂರನೇದು: “ಗೃಹಲಕ್ಷ್ಮಿ 2000 ಬರ್ತೈತೆಲ್ಲ, ಇನ್ನೇನು ಬೇಕು?” ಬರ್ಲಿ, ಬ್ಯಾಡ ಅನ್ನಂಗಿಲ್ಲ. ನಮ್ಮ ಹೆಸರಿನ ಖಾತೆಗೆ ರೊಕ್ಕ ಬಂದದ್ದು ಸಣ್ಣ ಮಾತಲ್ಲ. ಆದ್ರ ಅದು ಪಗಾರ ಅಲ್ಲ, ಕಸಬು ಅಲ್ಲ. ಸರ್ಕಾರ ಬದಲಾದ್ರ ನಿಲ್ಲಬಹುದು. ಮಗಳ ಕೈಯಾಗಿನ ವಿದ್ಯಾ ಯಾವ ಸರ್ಕಾರನೂ ನಿಲ್ಲಸಾಕ ಬರಂಗಿಲ್ಲ.

ಹಂಗಾದ್ರ ಏನು ಮಾಡೂನು? ಸರ್ಕಾರದ ಕಡೆ ಕೇಳೂದು ಕೇಳೂನು, ಹೆದರಬ್ಯಾಡ್ರಿ. ಗ್ರಾಮಸಭೆ ಅಂದ್ರ ಗಂಡಸರ ಕಟ್ಟಿ ಅಲ್ಲ. ಅಲ್ಲಿ ಎದ್ದು ನಿಂತು ಗುಡಿ ಬಣ್ಣದ ಮೊದಲ ‘ಕೂಸಿನ ಮನೆ’ ಕೇಳ್ರಿ, ಸುಗ್ಗಿ ಕಾಲಕ್ಕ ಅದು ತಪ್ಪದ ತಗದಿರಬೇಕು ಅನ್ರಿ. ಸಾಲಿ ಬಿಡೋ ಟೈಮಿಗೆ ಬಸ್ಸು ಬರಬೇಕು ಅಂತ ಡಿಪೋಕ್ಕ ಹತ್ತು ಮಂದಿ ಕೂಡಿ ಸಹಿ ಮಾಡಿ ಅರ್ಜಿ ಕೊಡ್ರಿ. ಕಾರ್ಖಾನಿ, ಸೋಲಾರ್ ಅಂತ ಹೊಲಾ ಕೇಳಾಕ ಬಂದವ್ರಿಗೆ “ನಮ್ಮ ಹೆಣ್ಮಕ್ಕಳಿಗೆ ಕೆಲಸ ಎಷ್ಟು, ಬರವಣಿಗಿಯೊಳಗ ಕೊಡ್ರಿ” ಅನ್ರಿ. ಗುಳೆ ಹೋಗೋರ ಮಕ್ಕಳಿಗೆ ಊರಾಗ ಹಾಸ್ಟೆಲ್ ಬೇಕು ಅನ್ರಿ.

ಮನ್ಯಾಗಿನದು ಯಾರನ್ನೂ ಕೇಳೂದು ಬ್ಯಾಡ. ಮಗಳಿಗೆ ಕಸಬರಗಿ ಕೊಟ್ಟ ದಿನ ಮಗನಿಗೂ ಒಂದು ಕೊಡ್ರಿ. ಭಾಂಡೆ ತಿಕ್ಕಿದ್ರ ಅವನ ಮೀಸಿ ಉದುರಂಗಿಲ್ಲ. ಮಗಳು ಪಿಯುಸಿ ಮುಗಸೂ ತನಕ ಯಾರರ “ನೋಡಾಕ ಬರ್ತೀವಿ” ಅಂದ್ರ “ಪರೀಕ್ಷಾ ಅದಾವ” ಅಂತ ಬಾಗಲಾಗ ಹೇಳಿ ಕಳಸ್ರಿ. ಲಗ್ನಕ್ಕಂತ ಕೂಡಿಟ್ಟ ಬಂಗಾರದಾಗ ಒಂದು ತೊಲಿ ಆಕಿ ಫೀಗೆ ತೆಗೀರಿ. 371ಜೆ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯೊಳಗ ಈಗ ಮಾಡಸಿಡ್ರಿ, ಕಡೀ ದಿನ ಓಡಾಡಬ್ಯಾಡ್ರಿ. ತವರಿನ ಕಾಗದಕ್ಕ ಓದದ ಸಹಿ ಹಾಕಬ್ಯಾಡ್ರಿ. ಅಣ್ಣನ ಪ್ರೀತಿ ಒಂದು ಸಹಿಗೆ ನಿಂತಿದ್ರ ಅದು ಪ್ರೀತಿ ಅಲ್ಲ, ವ್ಯವಹಾರ. ವ್ಯವಹಾರಕ್ಕ ಲೆಕ್ಕ ಕೇಳಬೇಕು.

ಇಷ್ಟು ಬರದದ್ದಕ್ಕ ನಾಳೆ ನಮ್ಮ ದೊಡ್ಡವ್ವ ಫೋನ್ ಹಚ್ಚಿ ಬೈತಾಳ, ಬೈಲಿ. ಬೈದ ಮ್ಯಾಲ ನನ್ನ ಒಂದು ಪ್ರಶ್ನಿಗೆ ಉತ್ತರ ಕೊಡಲಿ: ದೊಡ್ಡವ್ವ, ನಿಮ್ಮ ಓಣ್ಯಾಗ ಈ ಜೂನಿನ್ಯಾಗ ಸಾಲಿ ಬಿಟ್ಟ ಹುಡುಗ್ಯಾರು ಎಷ್ಟು ಮಂದಿ? ನೀವೂ ಎಲ್ಲಾರೂ ನಿಮ್ಮ ನಿಮ್ಮ ಓಣಿ ಎಣಿಸ್ರಿ. ಹೆಸರು ಹಿಡದು ಎಣಿಸ್ರಿ. ಎಣಿಸಿದ ಮ್ಯಾಲ ಆ ಮನಿಗೆ ಹೋಗ್ರಿ, ಚಹಾ ಕುಡೀರಿ, ಯಾಕ ಬಿಡಿಸೀರಿ ಅಂತ ಕೇಳ್ರಿ. ಕೂಸು ನೋಡವ್ರಿಲ್ಲ ಅಂದ್ರ ಆ ಕೂಸಿನ್ನ ಹಗಲೊತ್ತು ನಿಮ್ಮ ಪಡಸಾಲ್ಯಾಗ ಆಡಾಕ ಬಿಡ್ರಿ. ಹುಡುಗಿ ಸಾಲಿಗೆ ಹೋಗ್ಲಿ.